ಮೂಲೆ ಮಡಚಿದ ಹಾಳೆಗಳು

ವೇದಿಕೆಯ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಕುಳಿತು ಅವಳು ಪಿಟೀಲಿನ ಕಮಾನಿಗೆ ರಾಳ ಉಜ್ಜುತ್ತಲೇ ಇದ್ದಳು. ನಾಲ್ಕೆಳೆತ ಸಾಕಿತ್ತು, ಕೈಗೆ ನಿಲ್ಲಿಸುವುದೇ ತಿಳಿಯಲಿಲ್ಲ. ಕಪ್ಪು ಉಡುಪಿನ ಮಡಿಲ ತುಂಬ ಬಿಳಿ ಪುಡಿ.

ಹಿಂದಿನ ಕಛೇರಿಯಲ್ಲಿ, ಇಡೀ ವಾದ್ಯವೃಂದ ಸುಮ್ಮನಾಗಿ ಅವಳೊಬ್ಬಳೇ ನುಡಿಸಬೇಕಾದ ಮೆಲುಸ್ವರದ ಸಾಲಿನಲ್ಲಿ, ಕೈ ನಡುಗಿ ಕಮಾನು ತಂತಿಯ ಮೇಲೆ ಕುಪ್ಪಳಿಸಿತ್ತು. ಅವಳು ಅರ್ಧಕ್ಕೇ ನಿಲ್ಲಿಸಿಬಿಟ್ಟಿದ್ದಳು. ಇವತ್ತು ಮತ್ತೆ ಅದೇ ಸಾಲು. ಸಾಲದ್ದಕ್ಕೆ ಸಭೆಯಲ್ಲಿ ಅಮ್ಮ.

"ಏನೇ ಪುಟ್ಟಿ, ಕಮಾನಿಗೆ ಪೌಡರ್ ಬಳಿದು ಫೋಟೋ ತೆಗೆಸ್ತೀಯಾ?"

ಗುಂಡಣ್ಣ. ವಾದ್ಯವೃಂದದಲ್ಲಿ ಅವಳ ಪಕ್ಕದ ಕುರ್ಚಿಯ ಹಿರಿಯ ಪಿಟೀಲುಗಾರರು. ಇಬ್ಬರಿಗೂ ಒಂದೇ ಸ್ಟ್ಯಾಂಡು; ಸ್ವರದ ಹಾಳೆ ತಿರುಗಿಸುವ ಕೆಲಸ ಅವರದು. ಅವರು ಕಮಾನನ್ನು ಕಸಿದುಕೊಂಡು, ಕರ್ಚೀಫಿನಿಂದ ಪುಡಿ ಒರೆಸತೊಡಗಿದರು.

"ಗುಂಡಣ್ಣ, ನನ್ನ ಕೈಲಾಗಲ್ಲ. ಆ ಸಾಲು ನೀವೇ ನುಡಿಸ್ಬಿಡಿ." ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ನುಡಿಸ್ತೀನಿ, ಅದಕ್ಕೇನಂತೆ? ಮೊದಲು ಇದನ್ನ ನೋಡು."

ಸ್ವರದ ಹಾಳೆಗಳನ್ನು ಅವಳ ಮುಂದೆ ಹಿಡಿದರು. ಪ್ರತಿ ಹಾಳೆಯ ಕೆಳಮೂಲೆಯೂ ಮಡಚಿತ್ತು.

"ಯಾಕೆ ಮಡಚ್ತೀನಿ ಹೇಳು? ದೀಪ ಹತ್ತಿದ ಕೂಡ್ಲೇ ನನ್ನ ಬೆರಳಿಗೆ ಹಾಳೆ ಸಿಗಲ್ಲ. ಅಷ್ಟು ನಡುಗುತ್ತೆ. ನಿನ್ನ ವಯಸ್ಸಿಗಿಂತ ಹಳೇ ನಡುಕ ಕಣೇ ಇದು!"

"ನೀವಾ? ನಂಬಲ್ಲ."

"ನಡುಕ ನಿಲ್ಲಿಸೋಕೆ ಹೋದ್ರೆ ತೋಳು ಕಟ್ಟಿಗೆ ಆಗುತ್ತೆ. ಅದರ ಪಾಡಿಗೆ ನಡುಗ್ಲಿ ಬಿಡು. ನೀನು ನುಡಿಸೋದು ನಿಲ್ಲಿಸ್ಬೇಡ, ಅಷ್ಟೇ. ಈಗ ಹೇಳು, ನಾನು ನುಡಿಸ್ಲಾ?"

ಅವಳು ಮಡಿಲ ಪುಡಿ ಕೊಡವಿ ಎದ್ದಳು. "ಬೇಡ. ನೀವು ಹಾಳೆ ನೋಡ್ಕೊಳ್ಳಿ."

ವೇದಿಕೆಯ ಮೇಲೆ ಆ ಸಾಲು ಬಂತು. ಸುತ್ತಲಿನ ವಾದ್ಯಗಳೆಲ್ಲ ತೆಪ್ಪಗಾದವು. ಪಕ್ಕದಿಂದ ಒಂದು ಕೈ ಮಡಚಿದ ಮೂಲೆಯನ್ನು ತಡವಿ ಹಿಡಿದು ಹಾಳೆ ತಿರುಗಿಸಿತು. ನಿಜಕ್ಕೂ ನಡುಗುತ್ತಿತ್ತು! ಅವಳ ಕೈಯೂ ನಡುಗಿತು. ಮೊದಲ ಸ್ವರ ತುಸು ಅಲುಗಿತು. ಅವಳು ಬಿಗಿಹಿಡಿಯಲಿಲ್ಲ. ತೋಳಿನ ಭಾರವನ್ನು ತಂತಿಗೇ ಒಪ್ಪಿಸಿ ಎಳೆದಳು. ಎರಡನೆಯದು ಅಲುಗದೆ ನಿಂತಿತು, ಮೂರನೆಯದು ಸಭೆಯ ಕಟ್ಟಕಡೆಯ ಕುರ್ಚಿಗಳವರೆಗೂ ನಡೆದುಹೋಯಿತು. ಕೊನೆಯ ಸ್ವರ ಆರುವ ತನಕ ಅವಳು ಕಮಾನು ಎತ್ತಲಿಲ್ಲ.

ಕಾರ್ಯಕ್ರಮ ಮುಗಿದಾಗ ವಾದ್ಯವೃಂದದ ನಿರ್ದೇಶಕರು ಅವಳನ್ನೊಬ್ಬಳನ್ನೇ ಎಬ್ಬಿಸಿ ನಿಲ್ಲಿಸಿದರು. ಚಪ್ಪಾಳೆ. ಪಕ್ಕದಲ್ಲಿ ಕೈತುಂಬ ಪಿಟೀಲು ಹಿಡಿದಿದ್ದ ಗುಂಡಣ್ಣ ಚಪ್ಪಾಳೆಯ ಬದಲು ಕಾಲಿನಿಂದ ನೆಲ ಬಡಿಯುತ್ತಿದ್ದರು.

ಹೊರಗೆ ಅಮ್ಮ ಅವಳ ಕೈ ಹಿಡಿದುಕೊಂಡಳು. "ಅಯ್ಯೋ, ಇನ್ನೂ ನಡುಗ್ತಿದೆಯಲ್ಲೇ!"

ಯಾವಾಗಲೂ ಕೈ ಹಿಂದೆ ಬಚ್ಚಿಡುವವಳು, ಇವತ್ತು ಎತ್ತಿ ತೋರಿಸಿದಳು.

"ಹೂಂ ಅಮ್ಮ. ಇದೇ ಕೈಯಲ್ಲೇ ನುಡಿಸಿದ್ದು."