ತೂಕದ ಹೊತ್ತಿಗೆ ಬಂದ ವಸೂಲಿಯವನು

ಹೊಂಗಡಹಳ್ಳದ ಒಂದು ಎಸ್ಟೇಟಿನಲ್ಲಿ ಸಂಜೆ ನಾಲ್ಕೂವರೆಗೆ ಕಾಫಿ ಹಣ್ಣಿನ ತೂಕ. ಲೆಕ್ಕ ಬರೆಯುವ ರೈಟರ್ ಗಗನಾ ಎಷ್ಟು ಕಿಲೋ ಅಂತ ಕೂಗಬೇಕು, ಕುಯ್ದವಳು ಅದನ್ನೇ ತಿರುಗಿ ಕೂಗಬೇಕು, ಆಮೇಲೆಯೇ ಪುಸ್ತಕಕ್ಕೆ. ಹಿಂದಿನ ರೈಟರ್ ಮೂಟೆಗೆ ಐದೈದು ಕಿಲೋ ನುಂಗಿ ಸಿಕ್ಕಿಬಿದ್ದ ಮೇಲೆ ಹೆಂಗಸರು ಹಟ ಹಿಡಿದು ತಂದ ಪದ್ಧತಿ.

ಇಂಥ ಕಡೆ ಕೆಲಸ ಮಾಡುವ ಗಗನಾಳೇ ಮೋಸಹೋಗಿದ್ದಳು. ಅವ್ವನ ಆಪರೇಷನ್ನಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದ್ದಳು. ಬಡ್ಡಿ ಏರಿದಾಗ ಹಾಸನದ ಕಂಪನಿಯೊಂದು, "ಬ್ಯಾಂಕಿಗೆ ಕಟ್ಬೇಡಿ, ನಮಗೆ ಕಟ್ಟಿ, ಕಂತಲ್ಲಿ ತೀರಿಸ್ತೀವಿ" ಎಂದಿತು. ಹದಿನಾಲ್ಕು ತಿಂಗಳು ಆರಾರು ಸಾವಿರ ನುಂಗಿ, ಬ್ಯಾಂಕಿಗೆ ಮೂರೇ ಕಂತು ಕಟ್ಟಿ, ಬಾಗಿಲು ಹಾಕಿಕೊಂಡಿತು. ಸಾಲ ಒಂದೂವರೆ ಲಕ್ಷ ದಾಟಿತು. ಈಗ ಉಳಿದಿದ್ದು ಬಳೆ ಮಾರಿ ಖಾತೆಗೆ ಹಾಕಿದ ಎಂಬತ್ತು ಸಾವಿರ. ಅದೂ ಹೋದರೆ ಮಾರಲು ಮತ್ತೇನೂ ಇರಲಿಲ್ಲ.

ಬ್ಯಾಂಕಿನ ವಸೂಲಿ ಏಜೆಂಟ್ ಧರ್ಮ ಬೇಕೆಂದೇ ಜನ ಸೇರುವ ಹೊತ್ತು ನೋಡಿ ತಕ್ಕಡಿಯ ಮುಂದೆಯೇ ಬೈಕ್ ನಿಲ್ಲಿಸಿದ.

"ಫೋನಲ್ಲಿ ಎಂಬತ್ತು ಸಾವಿರ ಐತೆ ಅಂದ್ರಲ್ಲ ಮೇಡಂ, ಅಷ್ಟೇ ಕೊಡಿ. ಪೂರ್ತಿ ಸೆಟ್ಲ್. ಕ್ಯಾಶು, ಇವತ್ತೇ."

"ಬ್ಯಾಂಕಿನ ಲೆಟರ್?"

"ಹಿಂದಿಂದೇ ಬರ್ತದೆ. ನಂಬಿಕೆ ಇಲ್ವಾ?"

ಆ ಪದಕ್ಕೆ ಗಗನಾಳ ಮೈ ಉರಿದುಹೋಯಿತು. ಹಾಸನದವರೂ ಇದೇ ಪದ ಹೇಳಿಯೇ ದೋಚಿದ್ದರು.

"ಸಾಲ ಇಟ್ಕೊಂಡು ಇಷ್ಟು ಜನರ ಮುಂದೆ ವಾದ ಬೇರೆ," ಎಂದ ಧರ್ಮ.

"ಜನರ ಮುಂದಕ್ಕೆ ಬಂದೋರು ನೀವು. ಜನರೇ ಕೇಳ್ಲಿ ಬಿಡಿ."

ಅವಳು ಕಾರ್ಡಿನ ಹಿಂದಿದ್ದ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿದಳು. ಹತ್ತು ನಿಮಿಷ ಬರೀ ಸಂಗೀತ. ಹೆಂಗಸರು ಮೂಟೆ ಇಳಿಸಿ ಕಾದರು. ಕೊನೆಗೆ ಬ್ಯಾಂಕಿನ ಅಧಿಕಾರಿಯೊಬ್ಬಳು ಹೇಳಿದಳು: "ನಿಮ್ಮ ಸೆಟ್ಲ್‌ಮೆಂಟ್ ಅರವತ್ತೈದು ಸಾವಿರಕ್ಕೆ ಮಂಜೂರಾಗಿದೆ. ಏಜೆಂಟ್ ಹೇಳಲಿಲ್ವೇ?"

ಧರ್ಮ ಬೈಕಿನ ಕೀಲಿ ಹುಡುಕತೊಡಗಿದ.

"ಮಿಕ್ಕ ಹದಿನೈದು ಸಾವಿರ ನಿನ್ ಹೊಟ್ಟೆಗೇನೋ ಮಾರಾಯ?" ಸಾಲಿನಲ್ಲಿ ಮೊದಲಿದ್ದ ಮಾದೇವಮ್ಮ ಕೇಳಿದಳು. "ಹಳೇ ರೈಟರ್ ಐದು ಕಿಲೋಗೇ ಬೆವರ್ತಿದ್ದ ಕಣೋ."

ಬ್ಯಾಂಕಿನ ಪತ್ರ ಫೋನಿಗೆ ಬಂತು. 'ಮುಂದೆ ಬಾಕಿ ಇರುವುದಿಲ್ಲ' ಎಂಬ ಸಾಲನ್ನು ಗಗನಾ ಎರಡು ಸಲ ಓದಿ, ಪತ್ರದಲ್ಲಿದ್ದ ಖಾತೆಗೇ ದುಡ್ಡು ಕಳಿಸಿದಳು.

"ಪೆಟ್ರೋಲಿಗಾದ್ರೂ..." ಎಂದ ಧರ್ಮ.

ಮಾದೇವಮ್ಮ ತನ್ನ ಮೂಟೆಯನ್ನು ಅವನ ಮುಂದಿನ ಚಕ್ರಕ್ಕೆ ಅಡ್ಡ ಇಟ್ಟಳು. "ರಸೀದಿ ಬರ್ಲಿ, ಇರು."

ಗಗನಾ ಹಾಳೆ ಹರಿದು ಬ್ಯಾಂಕಿಗೆ ದೂರು ಬರೆಯಲು ಕೂತಳು. ಅವನ ಹೆಸರು, ಬೈಕ್ ನಂಬರು, ಕೇಳಿದ ಮೊತ್ತ. ಸಿಟ್ಟಿಗೆ ಅಕ್ಷರ ದಪ್ಪಗೆ ಬಿದ್ದವು.