ಕುಂಬಾರ ಬೀದಿಯ ನೋಟಿಸು

ನಾನು ಒಂದು ಕನ್ನಡ ಟೈಪ್‌ರೈಟರ್. ಹುಟ್ಟಿದ್ದು ಮುಂಬಯಿಯ ಕಾರ್ಖಾನೆಯಲ್ಲಿ. ಅಲ್ಲಿ ನನಗೆ ಅಕ್ಷರ ಜೋಡಿಸಿದವರಿಗೆ ಕನ್ನಡ ಬರುತ್ತಿರಲಿಲ್ಲ. ನಕ್ಷೆ ನೋಡಿ ಒಂದೊಂದನ್ನೇ ಕೂರಿಸಿದರು. ಮರದ ಪೆಟ್ಟಿಗೆಯಲ್ಲಿ ಕೂತು ಕಾವೇರಿ ಸೀಮೆಯ ಒಂದು ತಾಲ್ಲೂಕು ಕಚೇರಿಗೆ ಬಂದಿಳಿದೆ.

ನನ್ನ ಮುಂದೆ ಕುಳಿತವರು ಜುಲೇಖಾ ಬಾನು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ಸಾಬರ ಹೆಣ್ಣುಮಗಳಿಗೆ ಒತ್ತಕ್ಷರ ಬರುತ್ತಾ?" ಎಂದು ಪಿಸುಗುಟ್ಟಿದವರೇ ತಿಂಗಳೊಳಗೆ ತಮ್ಮ ಕರಡು ತಂದು, "ಒಂಚೂರು ತಿದ್ದಿಕೊಡಿ ಮೇಡಂ" ಎನ್ನತೊಡಗಿದರು.

ಒಂದು ದಿನ ಕಚೇರಿಯ ಹಲಗೆಯ ಮೇಲೆ ಇಂಗ್ಲಿಷ್ ನೋಟಿಸು ಬಿತ್ತು. ರಸ್ತೆ ಅಗಲ ಮಾಡಲು ಕುಂಬಾರ ಬೀದಿಯ ಮನೆಗಳನ್ನು ತೆಗೆಯುತ್ತಾರೆ. ಆಕ್ಷೇಪ ಇದ್ದವರು ಹದಿನೈದು ದಿನದೊಳಗೆ ಬರೆದು ಕೊಡಬೇಕು. ಒಂಬತ್ತು ದಿನ ಹಾಗೇ ಕಳೆದವು. ಆಮೇಲೆ ಆ ಬೀದಿಯ ಮುದುಕಿ ದುಂಡಮ್ಮ ಒಳಗೆ ಬಂದಳು.

"ಏನ್ ಬರ್ದವ್ರೆ ಕಣವ್ವ ಅದ್ರಲ್ಲಿ? ನಮ್ ಬೀದಿ ಎಸ್ರು ಅದೆ ಅಂತಾರೆ."

ಜುಲೇಖಾ ಓದಿ ಹೇಳಿದರು. ದುಂಡಮ್ಮ ಅಲ್ಲೇ ಗೋಡೆಗೊರಗಿ ಕುಳಿತುಬಿಟ್ಟಳು.

"ಸಾರ್, ಇದನ್ನ ಕನ್ನಡದಲ್ಲೂ ಹಾಕಿಬಿಡೋಣ. ಇನ್ನು ಆರೇ ದಿನ ಇರೋದು" ಎಂದು ಜುಲೇಖಾ ಶಿರಸ್ತೇದಾರರನ್ನು ಕೇಳಿದರು.

"ಮೇಲಿಂದ ಬಂದದ್ದು ಹಾಕಾಯ್ತಲ್ಲಮ್ಮ. ಕಾಯಂ ಆಗೋ ಹೊತ್ನಲ್ಲಿ ಯಾಕೆ ಬೇಕು ನಿಮಗೆ?"

ಆ ಮಧ್ಯಾಹ್ನ ಜುಲೇಖಾ ಬುತ್ತಿ ಬಿಚ್ಚಲಿಲ್ಲ. ನಾಲ್ಕು ಕಾರ್ಬನ್ ಹಾಳೆ ಇಟ್ಟು, ಕೆಳಗಿನ ಪ್ರತಿಯವರೆಗೂ ಮೂಡಲೆಂದು ಒಂದೊಂದು ಕೀಲಿಯನ್ನೂ ಬಲವಾಗಿ ಒತ್ತಿದರು. ಕೊನೆಯಲ್ಲಿ ಬೆರಳಚ್ಚುಗಾರರ ಹೆಸರಿನ ಮೊದಲಕ್ಷರ ಹಾಕುವುದು ವಾಡಿಕೆ. ಅಲ್ಲಿ ಬೆರಳು ತಡೆಯಿತು. ಹಾಕದಿದ್ದರೆ ಇದು ಯಾರ ಕೆಲಸವೆಂದು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. "ಜು.ಬಾ." ಎಂದು ಒತ್ತಿದರು. ಐದು ಪ್ರತಿಗಳನ್ನೂ ತಾವೇ ಹೋಗಿ ಆ ಬೀದಿಯಲ್ಲಿ ಅಂಟಿಸಿ ಬಂದರು.

ಗಡುವಿನ ಹಿಂದಿನ ದಿನ ಕುಂಬಾರ ಬೀದಿಗೆ ಬೀದಿಯೇ ಕಚೇರಿಯಲ್ಲಿ ನಿಂತಿತ್ತು. ವಿಚಾರಣೆ ನಡೆಯಿತು, ರಸ್ತೆ ಕೊಂಚ ಬಾಗಿತು. ಹನ್ನೊಂದು ಮನೆ ಹೋದವು, ಉಳಿದವು ಉಳಿದವು. ಜುಲೇಖಾ ಅವರಿಗೆ ಮೆಮೊ ಬಂತು. ಉತ್ತರವನ್ನೂ ನನ್ನಲ್ಲೇ ಅಚ್ಚು ಮಾಡಿದರು: "ನೋಟಿಸು ಇರುವುದು ಜನರಿಗೆ ತಿಳಿಯಲೆಂದು ನಂಬಿ ಹೀಗೆ ಮಾಡಿದ್ದೇನೆ. ಹೊಣೆ ನನ್ನದು." ಕಾಯಂ ಆಗುವುದು ಎರಡು ವರ್ಷ ತಡವಾಯಿತು. ದೂರದ ಊರಿಗೆ ವರ್ಗವೂ ಆಯಿತು.

ಅವರು ಹೋದ ವಾರ ದುಂಡಮ್ಮ ಹೊಸ ಹೂಜಿ ಹಿಡಿದು ಬಂದಳು. ಖಾಲಿ ಕುರ್ಚಿ ನೋಡಿ, "ಒಂಟೋದ್ರಾ?" ಎಂದಳು. ಹೂಜಿಯನ್ನು ನನ್ನ ಪಕ್ಕದಲ್ಲಿಟ್ಟು ಹೋದಳು. ಎಷ್ಟೋ ಬೇಸಿಗೆ ಕಚೇರಿಯವರೆಲ್ಲ ಅದರ ನೀರನ್ನೇ ಕುಡಿದರು.

ಆಮೇಲೆ ಎಷ್ಟೋ ಬೆರಳುಗಳು ನನ್ನ ಮೇಲೆ ಓಡಿದವು. ಕಂಪ್ಯೂಟರು ಬಂದಾಗ ನನ್ನನ್ನು ದಫ್ತರು ಕೋಣೆಯ ಮೂಲೆಗೆ ಸೇರಿಸಿದರು. ಈಗ ರಿಬ್ಬನ್ ಒಣಗಿದೆ, ಅಕ್ಷರಗಳಿಗೆ ತುಕ್ಕು ಹಿಡಿದಿದೆ. ಯಾರು ಒತ್ತಿದರೂ ಮೂಡಿಸುವುದಷ್ಟೇ ನನ್ನ ಕೆಲಸವಾಗಿತ್ತು. ಒತ್ತಲೋ ಬೇಡವೋ ಎಂದು ಎದೆ ನಡುಗುವ ಕಷ್ಟ ನನಗೆ ಒಮ್ಮೆಯೂ ಬರಲಿಲ್ಲ. ಈ ಮುದಿವಯಸ್ಸಿನಲ್ಲಿ ಮನುಷ್ಯರನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುವುದಿದ್ದರೆ, ಅದೊಂದಕ್ಕೇ.