ಹೆಲ್ಮೆಟ್ ನಂಬರ್ ನಲವತ್ತೊಂದು

ಚೀನಾದಿಂದ ಬಂದ ಮ್ಯಾನೇಜರುಗಳ ನಡೆನುಡಿ ತಿದ್ದುವುದೇ ಲೋಲಾಕ್ಷಿಯ ಹೊಟ್ಟೆಪಾಡು. ದುಬೈಯ ಊದ್ ಮೇಥಾದಲ್ಲಿದ್ದ ತರಬೇತಿ ಸಂಸ್ಥೆ ಅವಳನ್ನು ವಾರಕ್ಕೆರಡು ಸಲ ಅಬುಧಾಬಿಯ ಮುಸಫ್ಫಾಕ್ಕೆ, ಪೈಪು ವೆಲ್ಡಿಂಗಿನ ಒಂದು ಚೀನೀ ಕಂಪನಿಗೆ ಕಳುಹಿಸುತ್ತಿತ್ತು. ಅಲ್ಲಿನ ಮ್ಯಾನೇಜರ್ ಲಿನ್ ಒಳ್ಳೆಯ ಶಿಷ್ಯ. ಹೇಳಿದ್ದನ್ನೆಲ್ಲ ಚೌಕುಳಿ ಪುಸ್ತಕದಲ್ಲಿ ಬರೆದುಕೊಳ್ಳುವವನು; ಅವಳು ಕೆಮ್ಮಿದರೆ ಅದನ್ನೂ ಬರೆದುಕೊಂಡಾನು. ಆದರೆ ವರ್ಕ್‌ಶಾಪಿಗೆ ಕಾಲಿಟ್ಟನೋ, ಪಾಠವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. "ಫಾರ್ಟಿ ಒನ್, ಕಮ್!" ಎಂದು ಹೆಲ್ಮೆಟ್ಟಿನ ನಂಬರಿನಿಂದಲೇ ಜನರನ್ನು ಕರೆಯುತ್ತಿದ್ದ.

ನಲವತ್ತೊಂದು ಎಂದರೆ ಕಾಪುವಿನ ಶೀನಪ್ಪ, ಅಲ್ಲಿನ ಫೋರ್‌ಮನ್. ಒಂದು ದಿನ ಅವನು ರಾಜೀನಾಮೆ ಪತ್ರವನ್ನು ಲೋಲಾಕ್ಷಿಯ ಮುಂದೆ ಹಿಡಿದ.

"ಇಪ್ಪತ್ತೆರಡು ವರ್ಷ ದುಡಿದದ್ದು ಟೀಚರೇ. ನನಗೆ ಹೆಸರಿಲ್ವಾ? ನಾನೆಂತ ಬಸ್ಸಾ, ನಂಬರಲ್ಲಿ ಕರೀಲಿಕ್ಕೆ?"

"ಗುರುವಾರದವರೆಗೆ ತಡ್ಕೊಳ್ಳಿ ಮಾರಾಯ್ರೆ," ಎಂದು ಲೋಲಾಕ್ಷಿ ಬೇಡಿಕೊಂಡಳು.

"ಆಯ್ತು ಮಾರಾಯ್ರೆ. ಗುರುವಾರ ಖಲಾಸ್."

ಪಕ್ಕದಲ್ಲಿ ಲಿನ್ ಪುಸ್ತಕ ತೆರೆದು ನಿಂತಿದ್ದ. ಲೋಲಾಕ್ಷಿ ಅವನಿಗೆ ಇಂಗ್ಲಿಷಿನಲ್ಲಿ ಮುಲಾಜಿಲ್ಲದೆ ಹೇಳಿದಳು: ಈ ಮನುಷ್ಯ ಹೋದರೆ ನಿಮ್ಮ ವರ್ಕ್‌ಶಾಪಿನ ಬೆನ್ನೆಲುಬು ಹೋಯಿತು, ನನ್ನ ಕೆಲಸವೂ ಹೋಯಿತು. ಹೆಸರು ಹಿಡಿದು ಕರೆಯಿರಿ, ಅದಕ್ಕೆ ಅವರ ಭಾಷೆಯ ಗೌರವದ ಮಾತೊಂದು ಸೇರಿಸಿ. 'ಅಣ್ಣ' ಎನ್ನಿ ಎಂದು ಬಿಡಿಸಿ ಹೇಳಬೇಕೆನ್ನುವಷ್ಟರಲ್ಲಿ ದುಬೈ ವ್ಯಾನಿನವನು ಹಾರ್ನ್ ಹೊಡೆದ. ಅವಳು ಓಡಿದಳು.

ಗುರುವಾರ ವರ್ಕ್‌ಶಾಪಿನ ಜನರೆಲ್ಲ ಸೇರಿದ್ದರು. ಲಿನ್ ಒಂದು ಹೊಸ ಬಿಳಿ ಹೆಲ್ಮೆಟನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ, ಶೀನಪ್ಪನಿಗೆ ಕೊಟ್ಟ. ಅದರಲ್ಲಿ ನಂಬರ್ ಇರಲಿಲ್ಲ. ಕೆಂಪು ಪೇಂಟಿನಲ್ಲಿ, ಒತ್ತಕ್ಷರ ತುಸು ವಾಲಿದ ಕನ್ನಡದಲ್ಲಿ ಹೀಗಿತ್ತು: ಶೀನಪ್ಪ ಮಾರಾಯ್ರೆ.

ಲೋಲಾಕ್ಷಿ ತಲೆಗೆ ಕೈಹೊತ್ತಳು. ಕೆಟ್ಟೆ, ಗೇಲಿ ಮಾಡಿದ ಎಂದು ಶೀನಪ್ಪ ತಿಳಿಯುತ್ತಾರಲ್ಲ!

"ಕ್ಯಾಂಟೀನಿನ ಇದಿನಬ್ಬ ಬರೆದುಕೊಟ್ಟರು, ನಾನು ನೂರು ಸಲ ತಿದ್ದಿದೆ," ಎಂದು ಲಿನ್ ಅವಳ ಕಿವಿಯಲ್ಲಿ ಹೆಮ್ಮೆಯಿಂದ ಉಸುರಿದ. "ನೀವಿಬ್ಬರೂ ಆವತ್ತು ಹಾಗೇ ಕರೆದುಕೊಂಡಿರಲ್ಲ. ದೊಡ್ಡ ಪದವಿಯೇ ಇರಬೇಕು."

ಶೀನಪ್ಪ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ. ಚೀನಾದವನೊಬ್ಬ ತನ್ನ ಹೆಸರನ್ನು ಕನ್ನಡದಲ್ಲಿ ತಿದ್ದಿದ್ದಾನೆ! ಅವನ ಭುಜ ಕುಲುಕಿತು. ಮೊದಲು ನಗು ಬಂತು, ಹಿಂದೆಯೇ ಕಣ್ಣೀರೂ ಬಂತು. ಹೆಲ್ಮೆಟ್ ತಲೆಗಿಟ್ಟು, ಜೇಬಿನಲ್ಲಿದ್ದ ರಾಜೀನಾಮೆಯನ್ನು ಪರಪರ ಹರಿದ.

"ಎಂತ ಜನ ಮಾರಾಯ್ರೆ ನೀವು!"

ತನಗೂ ಪದವಿ ಸಿಕ್ಕಿತೆಂದು ಲಿನ್ ಮತ್ತೊಮ್ಮೆ ಬಾಗಿದ. ವರ್ಕ್‌ಶಾಪೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ಲೋಲಾಕ್ಷಿಯ ಸಂತೋಷಕ್ಕೆ ಪಾರವಿರಲಿಲ್ಲ. ಇನ್ನು 'ಅಣ್ಣ'ನ ಪಾಠ ಯಾರಿಗೆ ಬೇಕು?

ಲಿನ್ ಮಾತ್ರ ನಗಲಿಲ್ಲ, ಅವನಿಗೆ ಕೆಲಸವಿತ್ತು. ಪುಸ್ತಕದ ಹೊಸ ಹಾಳೆ ತೆರೆದು, ನಲವತ್ತೆರಡನೇ ಹೆಲ್ಮೆಟ್ಟಿನ ಮುಂದೆ ಹೋಗಿ ನಿಂತು, ಪೆನ್ನು ಹಿಡಿದು ಕೇಳಿದ:

"ಯುವರ್ ನೇಮ್, ಮಾರಾಯ್ರೆ?"